ಆಸ್ತಮಾಗೆ ಟಿಯುಇ (ಚಿಕಿತ್ಸೆಗಾಗಿ ನಿಷಿದ್ಧ ಔಷಧಿ ಬಳಸಲು ಕೊಡುವ ಅನುಮತಿ) ತೆಗೆದುಕೊಂಡರೆ ಅದೂ ಒಂಥರಾ ಡೋಪಿಂಗೇ ಅಲ್ವಾ? ಇನ್ಹೇಲರ್ ಬಿಟ್ಟೇ ಸೈಕಲ್ ರೇಸ್ ಮಾಡಲಾ?

ಇನ್ಹೇಲರ್ ಬಿಡಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. "ಟಿಯುಇ ಕೇಳಿದರೆ ಜೊತೆಯವರು ಕಳ್ಳ ಅಂದುಕೊಳ್ಳುತ್ತಾರೆ" ಎಂದು ಬರೆದಿದ್ದೀರಲ್ಲ, ಅದೇ ಮಾತನ್ನು ಒಂದು ಕಾಲದಲ್ಲಿ ನಾನು ದಿನಾ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಅದರಿಂದ ಒಂದು ಪದಕ ಹೋಯಿತು, ನಿಷೇಧದಲ್ಲಿ ಹತ್ತು ತಿಂಗಳು ಹೋಯಿತು.

ನಾನು ಬಾಗಲಕೋಟೆ ಕಡೆಯವನು. ಚಳಿಗಾಲ ನಮಗೆ ಪ್ರಾಕ್ಟೀಸ್‌ಗೆ ಒಳ್ಳೆಯ ಕಾಲ, ಬಿಸಿಲು ಕಡಿಮೆ, ಬೆಳಗಿನ ರಸ್ತೆ ಖಾಲಿ. ಆದರೆ ಕಬ್ಬು ಕಡಿಯುವುದೂ ಅದೇ ಕಾಲಕ್ಕೆ. ಮುಧೋಳ, ಜಮಖಂಡಿ ರಸ್ತೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು, ಅವುಗಳ ಹಿಂದೆ ದೂಳು, ಸಂಜೆಯಾದರೆ ಹೊಲದಲ್ಲಿ ರವದಿ ಸುಟ್ಟ ಹೊಗೆ. 60 ಕಿಲೋಮೀಟರ್ ಆಗುವಷ್ಟರಲ್ಲಿ ನನ್ನ ಎದೆ ಸುಂಯ್ ಅನ್ನುತ್ತಿತ್ತು. ರಾತ್ರಿಯೆಲ್ಲ ಕೆಮ್ಮು. ನಮ್ಮ ಅಜ್ಜಿಗೆ ದಮ್ಮು ಇತ್ತು, ಆ ಸದ್ದು ಕೇಳಿಕೊಂಡೇ ಬೆಳೆದವನು ನಾನು. ಹಾಗಾಗಿ ಇದು ಏನು ಅಂತ ಗೊತ್ತಿರಲಿಲ್ಲ ಎಂದು ಹೇಳಲಾರೆ. ಗೊತ್ತಿತ್ತು.

2017ರ ಡಿಸೆಂಬರ್‌ನಲ್ಲಿ ಬ್ರಿಟನ್‌ನ ಸೈಕ್ಲಿಸ್ಟ್ ಕ್ರಿಸ್ ಫ್ರೂಮ್ ಸುದ್ದಿ ಬಂತು. ಆ ವರ್ಷದ ವುಯೆಲ್ಟಾದಲ್ಲಿ (ಸ್ಪೇನ್‌ನ ದೊಡ್ಡ ಸೈಕಲ್ ರೇಸ್) ಅವರು ಕೊಟ್ಟ ಮೂತ್ರದಲ್ಲಿ ಇನ್ಹೇಲರ್‌ನ ಆಸ್ತಮಾ ಔಷಧಿ ಸಾಲ್ಬುಟಮಾಲ್ ಮಿಲಿಲೀಟರಿಗೆ 2000 ನ್ಯಾನೋಗ್ರಾಂ ಇತ್ತು, ಮಿತಿ 1000. ಹಾಸ್ಟೆಲ್‌ನಲ್ಲಿ ರಾತ್ರಿಯೆಲ್ಲ ಅದೇ ಮಾತು. ಯಾರೋ ಇನ್ನೊಬ್ಬ ಬ್ರಿಟಿಷ್ ಸೈಕ್ಲಿಸ್ಟ್ ಬ್ರಾಡ್ಲಿ ವಿಗಿನ್ಸ್ ವಿಷಯವನ್ನೂ ತೆಗೆದರು: 2011, 2012, 2013, ಮೂರು ವರ್ಷವೂ ದೊಡ್ಡ ರೇಸ್‌ಗೆ ಸ್ವಲ್ಪ ಮೊದಲು ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್, ಅದಕ್ಕೆ ಟಿಯುಇ, 2016ರಲ್ಲಿ ಹ್ಯಾಕರ್‌ಗಳು ಆ ಕಾಗದ ಹೊರಗೆ ಹಾಕಿದಾಗಲೇ ಜನಕ್ಕೆ ಗೊತ್ತಾಗಿದ್ದು. ಇನ್ಹೇಲರ್ ಹಿಡಿದವರೆಲ್ಲ ಕಳ್ಳರು ಅಂತ ಆ ರಾತ್ರಿ ತೀರ್ಮಾನವಾಯಿತು. ನಾನೂ ಹೌದು ಹೌದು ಎಂದೆ. ಎಂದ ಮೇಲೆ, ಬೆಳಿಗ್ಗೆ ಎದ್ದು ಸರ್ ಹತ್ತಿರ ಹೋಗಿ "ನನಗೆ ಉಬ್ಬಸ ಇದೆ" ಅಂತ ಹೇಗೆ ಹೇಳಲಿ?

ರಾಷ್ಟ್ರ ಮಟ್ಟದ ಒಂದು ರೇಸ್‌ಗೆ ಒಂಬತ್ತು ದಿನ ಇತ್ತು. ಮೆಡಿಕಲ್ ಅಂಗಡಿಗೆ ಹೋಗಿ ಕೆಮ್ಮು, ಕಫ, ಎದೆ ಬಿಗಿತ ಎಂದೆ. ಚೀಟಿ ಗೀಟಿ ಕೇಳಲಿಲ್ಲ, ಒಂದು ಸಿರಪ್ ಕೊಟ್ಟರು. ದಿನಕ್ಕೆ ಮೂರು ಸಲ ಕುಡಿದೆ, ಎರಡೇ ದಿನಕ್ಕೆ ಎದೆ ಹಗುರವಾಯಿತು.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಕೇಳಿದವರೆಲ್ಲ "ಪಾಪ, ಲೇಬಲ್ ಓದಿರಲಿಲ್ಲ" ಎನ್ನುತ್ತಾರೆ. ನಾನು ಓದಿದ್ದೆ. ಬಾಟಲಿ ಹಿಂದೆ ಸಣ್ಣ ಅಕ್ಷರದಲ್ಲಿ ಮೂರು ಹೆಸರು ಇದ್ದವು: ಟರ್ಬುಟಲೈನ್, ಬ್ರೋಮ್‌ಹೆಕ್ಸಿನ್, ಗ್ವೈಫೆನೆಸಿನ್. ಮೊದಲನೆಯದನ್ನು ಫೋನಿನಲ್ಲಿ ಹಾಕಿ ನೋಡಿದೆ. ಆಸ್ತಮಾ ಔಷಧಿ ಅಂತ ಬಂತು. ಅಲ್ಲಿಗೆ ಫೋನ್ ಆರಿಸಿ ಮಲಗಿದೆ. ಇನ್ನೊಂದು ಸಾಲು ಕೆಳಗೆ ಓದಿದ್ದರೆ ಇದು ನಿಷೇಧದ ಪಟ್ಟಿಯಲ್ಲಿದೆ ಅಂತ ತಿಳಿಯುತ್ತಿತ್ತು, ತಿಳಿದರೆ ಯಾರನ್ನಾದರೂ ಕೇಳಬೇಕಾಗುತ್ತಿತ್ತು, ಕೇಳಿದರೆ ದಮ್ಮು ಇದೆ ಅಂತ ಒಪ್ಪಿಕೊಳ್ಳಬೇಕಾಗುತ್ತಿತ್ತು. ಅದು ಬೇಡವಾಗಿತ್ತು ನನಗೆ. ಅದಕ್ಕೇ ಮುಂದೆ ಓದಲಿಲ್ಲ.

ಎರಡನೇ ಸಲ ಅದೇ ತಪ್ಪು ಡೋಪ್ ಟೆಸ್ಟ್ ಕೋಣೆಯಲ್ಲಿ ಮಾಡಿದೆ. ಕಂಚು ಬಂದಿತ್ತು, ಖುಷಿಯಲ್ಲಿದ್ದೆ, ಸ್ಯಾಂಪಲ್ ಕೊಟ್ಟೆ. ಫಾರ್ಮ್‌ನಲ್ಲಿ ಒಂದು ಜಾಗ ಇರುತ್ತದೆ, ಕಳೆದ ಏಳು ದಿನದಲ್ಲಿ ಏನೇನು ಔಷಧಿ ತೆಗೆದುಕೊಂಡಿರಿ ಅಂತ. ವಿಟಮಿನ್ ಮಾತ್ರೆ ಬರೆದೆ. ಓಆರ್‌ಎಸ್ ಬರೆದೆ. ಸಿರಪ್ ಬರೆಯಲಿಲ್ಲ. ಪಕ್ಕದಲ್ಲಿ ನಮ್ಮ ಟೀಮ್ ಮ್ಯಾನೇಜರ್ ನಿಂತಿದ್ದರು, ಅವರು ನೋಡಿಬಿಡುತ್ತಾರೆ ಅಂತ. ಬರೆದಿದ್ದರೆ ಪಾರಾಗುತ್ತಿದ್ದೆ ಅಂತಲ್ಲ. ಬರೆದ ಮಾತ್ರಕ್ಕೆ ಔಷಧಿಗೆ ಅನುಮತಿ ಸಿಕ್ಕ ಹಾಗಲ್ಲ. ಆದರೆ ಬರೆಯದೆ ಹೋದರೆ ಆಮೇಲೆ ನೀವು ಹೇಳುವ ಸತ್ಯವೂ ನೆಪದ ಹಾಗೆ ಕೇಳುತ್ತದೆ. ಸ್ಯಾಂಪಲ್‌ನಲ್ಲಿ ಟರ್ಬುಟಲೈನ್ ಸಿಕ್ಕ ಮೇಲೆ ನಡೆದ ವಿಚಾರಣೆಯಲ್ಲಿ ನನ್ನನ್ನು ಮತ್ತೆ ಮತ್ತೆ ಕೇಳಿದ್ದು ಸಿರಪ್ ಯಾಕೆ ಕುಡಿದಿರಿ ಅಂತಲ್ಲ, ವಿಟಮಿನ್ ಬರೆದವರು ಇದನ್ನು ಯಾಕೆ ಬಿಟ್ಟಿರಿ ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ಡಾಕ್ಟರ್ ಚೀಟಿಯೂ ಇರಲಿಲ್ಲ, ಆಸ್ತಮಾ ಇದೆ ಎನ್ನುವ ಒಂದು ರಿಪೋರ್ಟೂ ಇರಲಿಲ್ಲ.

ಬ್ರಿಟನ್‌ನ ಸೈಕ್ಲಿಸ್ಟ್ ಸೈಮನ್ ಯೇಟ್ಸ್ ಗೊತ್ತಲ್ಲ. 2016ರ ಪ್ಯಾರಿಸ್–ನೀಸ್ ರೇಸ್‌ನಲ್ಲಿ ಸಿಕ್ಕಿದ್ದು ಇದೇ ಟರ್ಬುಟಲೈನ್. ಅವರದು ಇನ್ಹೇಲರ್, ಟೀಮ್ ಡಾಕ್ಟರ್ ಟಿಯುಇಗೆ ಅರ್ಜಿ ಹಾಕಿರಲಿಲ್ಲ. ಆದರೆ ಟೆಸ್ಟ್ ದಿನದ ಫಾರ್ಮ್‌ನಲ್ಲಿ ಔಷಧಿಯ ಹೆಸರು ಬರೆದಿತ್ತು. ನಾಲ್ಕು ತಿಂಗಳ ನಿಷೇಧ ಆಯಿತು, ಮುಗಿಸಿ ಬಂದರು, 2018ರಲ್ಲಿ ವುಯೆಲ್ಟಾ ಗೆದ್ದರು, 2025ರಲ್ಲಿ ಇಟಲಿಯ ದೊಡ್ಡ ರೇಸ್ ಜಿರೋ ಗೆದ್ದರು. ಅವರಿಗೆ ನಾಲ್ಕು, ನನಗೆ ಹತ್ತು. ಎರಡೂ ಕೇಸ್ ಒಂದೇ ಅಲ್ಲ, ಗೊತ್ತು. ಆದರೂ ಆ ಫಾರ್ಮಿನ ಖಾಲಿ ಸಾಲು ಇವತ್ತಿಗೂ ಕಣ್ಣಮುಂದೆ ಬರುತ್ತದೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪ್ರಶ್ನೆಯೇ ಸರಿಯಿಲ್ಲ. ನೀವು ಹೇಳಿದ ಇನ್ಹೇಲರ್ ಸಾಲ್ಬುಟಮಾಲ್. ಮಿತಿಯೊಳಗೆ ಇದ್ದರೆ ಅದಕ್ಕೆ ಟಿಯುಇ ಬೇಕೇ ಇಲ್ಲ. 24 ಗಂಟೆಗೆ 1600 ಮೈಕ್ರೋಗ್ರಾಂ, ಅದರಲ್ಲೂ ಯಾವುದೇ 8 ಗಂಟೆಯಲ್ಲಿ 600 ದಾಟಬಾರದು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಪಂಪ್‌ನಲ್ಲಿ ಒಂದು ಪಫ್ ಅಂದರೆ 100. ಲೆಕ್ಕ ನೀವೇ ಹಾಕಿ. ನನಗೂ ಅಷ್ಟೇ ಸಾಕಿತ್ತು. ಯಾವ ಅನುಮತಿ ಕೇಳಲು ನಾಚಿ ಬಚ್ಚಿಟ್ಟುಕೊಂಡೆನೋ ಆ ಅನುಮತಿ ನನಗೆ ಬೇಕೇ ಇರಲಿಲ್ಲ, ಒಬ್ಬ ಡಾಕ್ಟರ್ ಬೇಕಿತ್ತು. ಫ್ರೂಮ್ ಕೇಸ್ ಕೂಡ ಟಿಯುಇ ಕೇಸ್ ಅಲ್ಲ, ಮಿತಿ ದಾಟಿದ ಕೇಸ್. ಸೈಕ್ಲಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ ಅದನ್ನು 2018ರ ಜುಲೈನಲ್ಲಿ ಶಿಕ್ಷೆ ಇಲ್ಲದೆ ಮುಚ್ಚಿತು. ಜನ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ.

ಟಿಯುಇ ಬೇಕಾಗುವುದು ಬೇರೆ ಕಡೆ. ನೆಬ್ಯುಲೈಸರ್ ಹಾಕಿಸಿಕೊಂಡರೆ ಒಂದೇ ಸಲಕ್ಕೆ ಸಾಲ್ಬುಟಮಾಲ್ 2.5 ಮಿಲಿಗ್ರಾಂ ಇರುತ್ತದೆ, ಅಂದರೆ 2500 ಮೈಕ್ರೋಗ್ರಾಂ, ಅದು ಮಿತಿ ದಾಟಿತು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ರೇಸ್ ಸಮಯದಲ್ಲಿ ನಿಷಿದ್ಧ. ಸ್ಟೀರಾಯ್ಡ್ ಇಂಜೆಕ್ಷನ್ ಎಲ್ಲಿಗೇ ಚುಚ್ಚಿಸಿಕೊಂಡರೂ 2022ರಿಂದ ರೇಸ್ ಸಮಯದಲ್ಲಿ ನಿಷಿದ್ಧ, ಮೊಣಕಾಲಿಗಾದರೂ ಅಷ್ಟೇ. ಇಂಥವಕ್ಕೆ ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾಗೆ ಅರ್ಜಿ ಹಾಕಬೇಕು, ರೇಸ್‌ಗೆ ಕಡಿಮೆ ಎಂದರೆ 30 ದಿನ ಮೊದಲು. ಅದೇ ಕೆಲಸ ಮಾಡುವ, ನಿಷೇಧ ಇಲ್ಲದ ಔಷಧಿ ಇದೆ ಅಂದರೆ ಅನುಮತಿ ಸಿಗುವುದು ಕಷ್ಟ. ನನ್ನ ಸಿರಪ್‌ಗೆ ಅರ್ಜಿ ಹಾಕಿದ್ದರೆ ಅದಕ್ಕೇ ಬೇಡ ಅನ್ನುತ್ತಿದ್ದರು. ಅದೂ ಒಳ್ಳೆಯದೇ ಆಗುತ್ತಿತ್ತು, ಸರಿಯಾದ ಔಷಧಿಯ ಹೆಸರು ಅಲ್ಲೇ ತಿಳಿಯುತ್ತಿತ್ತು.

ಇನ್ನು ಟಿಯುಇ ಎಂದರೆ ಕಳ್ಳತನವಾ? ಟೀಮ್ ನೊವೊ ನಾರ್ಡಿಸ್ಕ್ ಅಂತ ಒಂದು ಪ್ರೊಫೆಷನಲ್ ಟೀಮ್ ಇದೆ, ಅಲ್ಲಿನ ರೈಡರ್‌ಗಳಿಗೆಲ್ಲ ಟೈಪ್ 1 ಡಯಾಬಿಟಿಸ್. ಇನ್ಸುಲಿನ್ ನಿಷಿದ್ಧ ಪಟ್ಟಿಯಲ್ಲಿದೆ. ಟಿಯುಇ ಇಲ್ಲದಿದ್ದರೆ ಅವರು ರೇಸ್ ಬಿಡಬೇಕು, ಇಲ್ಲಾ ಇನ್ಸುಲಿನ್ ಬಿಟ್ಟು ಜೀವ ಬಿಡಬೇಕು. ಅವರನ್ನು ಕಳ್ಳರು ಅನ್ನುತ್ತೀರಾ? ವಿಗಿನ್ಸ್ ತೆಗೆದುಕೊಂಡಂಥ ಇಂಜೆಕ್ಷನ್ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಅವರು ನಿಯಮ ಮುರಿಯಲಿಲ್ಲ. ಆದರೆ ಅಷ್ಟು ಜೋರಾದ ಔಷಧಿ ಬೇಕಾಗುವಷ್ಟು ಹುಷಾರಿಲ್ಲದವರು ಆ ರೇಸ್ ಬಿಟ್ಟು ಮನೆಯಲ್ಲಿರಬೇಕು. 2013ರ ವುಯೆಲ್ಟಾ ಗೆದ್ದ ಕ್ರಿಸ್ ಹಾರ್ನರ್‌ಗೆ ಮರುವರ್ಷ ಶ್ವಾಸನಾಳದ ಸೋಂಕಿಗೆ ಸ್ಟೀರಾಯ್ಡ್ ತೆಗೆದುಕೊಳ್ಳಲು ಟಿಯುಇ ಸಿಕ್ಕಿತ್ತು. ಆದರೂ ಅವರ ದೇಹದ ಕಾರ್ಟಿಸಾಲ್ ಹಾರ್ಮೋನ್ ಇಳಿದಿದೆ ಅಂತ ಟೀಮ್ ತಾನಾಗಿಯೇ ಅವರನ್ನು ರೇಸ್‌ಗೆ ಇಳಿಸಲಿಲ್ಲ. ಟೀಮ್‌ಗಳೇ ಸೇರಿ ಮಾಡಿಕೊಂಡ ನಿಯಮ ಅದು. ಪಾಪ ಅನ್ನಿಸಿತು, ಆದರೆ ನನ್ನ ಪ್ರಕಾರ ಅದೇ ಸರಿ.

ನೀವು ಮಾಡಬೇಕಾದ್ದು ಇಷ್ಟು. ಶ್ವಾಸಕೋಶದ ಡಾಕ್ಟರ್ ಹತ್ತಿರ ಹೋಗಿ, ಸ್ಪೈರೋಮೆಟ್ರಿ (ಊದಿಸಿ ಉಸಿರಾಟ ಅಳೆಯುವ ಪರೀಕ್ಷೆ) ಮಾಡಿಸಿ, ರಿಪೋರ್ಟ್ ಜೋಪಾನ ಮಾಡಿ. ನಾನು ರೇಸ್ ಮಾಡುವವನು, ಡೋಪ್ ಟೆಸ್ಟ್ ಇರುತ್ತದೆ ಅಂತ ಬಾಯಿಬಿಟ್ಟು ಹೇಳಿ, ಸುಮ್ನೆ ಕೂತರೆ ಅವರಿಗೆ ಗೊತ್ತಾಗುವುದಿಲ್ಲ. ಕೋಚ್‌ಗೆ ಅವತ್ತೇ ತಿಳಿಸಿ. ಸ್ಪೈರೋಮೆಟ್ರಿ ದಿನ ಬೆಳಿಗ್ಗೆ ಇನ್ಹೇಲರ್ ತೆಗೆದುಕೊಳ್ಳಬಹುದಾ ಬೇಡವಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ನಾನು ಪಫ್ ತೆಗೆದುಕೊಂಡು ಹೋಗಿದ್ದೆ, ರಿಪೋರ್ಟ್ ನಾರ್ಮಲ್ ಅಂತ ಬಂತು, ಇನ್ನೊಂದು ಸಲ ಹೋಗಬೇಕಾಯಿತು.