ದಿನಾ ಆಡುವ ಮಾತನ್ನು ಗಮನಿಸುವುದು ಕ್ರೈಸ್ತರಿಗೆ ಹೇಗೆ ಪ್ರಾರ್ಥನೆಯಾಗುತ್ತದೆ?

ಖಂಡಿತ ಆಗುತ್ತದೆ, ನನಗಂತೂ ಮೊಣಕಾಲೂರಿ ಮಾಡುವ ಪ್ರಾರ್ಥನೆಗಿಂತ ಇದೇ ಕಷ್ಟ. ಬೈಬಲ್‌ನಲ್ಲಿರುವ ಯಾಕೋಬನ ಪತ್ರಿಕೆಯ 3ನೇ ಅಧ್ಯಾಯ ನೋಡಿ. ಒಂದೇ ನಾಲಿಗೆಯಿಂದ ದೇವರನ್ನು ಕೊಂಡಾಡುತ್ತೇವೆ, ಅದೇ ನಾಲಿಗೆಯಿಂದ ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯರನ್ನು ಶಪಿಸುತ್ತೇವೆ, ಹೀಗಾಗಬಾರದು ಅನ್ನುತ್ತಾನೆ.

ನಾನು ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹರಾಜಿನ ಗದ್ದಲದಲ್ಲಿ ಬಾಕ್ಸ್ ಇಳಿಸುವ ಹುಡುಗನಿಗೆ 'ಏಯ್, ಕಣ್ಣು ಕಾಣಲ್ವಾ' ಅಂದುಬಿಡುತ್ತಿದ್ದೆ, ಅದೇ ಉಸಿರಲ್ಲಿ ಹೊರಗಿಂದ ಬಂದ ವ್ಯಾಪಾರಿಗೆ 'ಬನ್ನಿ ಅಣ್ಣಾ, ಕೂತ್ಕೊಳ್ಳಿ, ಟೀ ತರಿಸ್ತೀನಿ' ಅನ್ನುತ್ತಿದ್ದೆ. ರಾತ್ರಿ ಕೂತು ನೆನಪಿಸಿಕೊಂಡಾಗ ಬೈದದ್ದಕ್ಕಿಂತ ಆ 'ಏಯ್' ಜಾಸ್ತಿ ಚುಚ್ಚಿತು. ಆ ಹುಡುಗನಿಗೂ ಒಂದು ಹೆಸರಿದೆ ಅಲ್ವಾ? ಎರಡು ವರ್ಷದಿಂದ ನಾನು ಕೇಳಿಯೇ ಇರಲಿಲ್ಲ. ಮರುದಿನ ಕೇಳಿದೆ. ಈಗ ಹೆಸರು ಹಿಡಿದೇ ಕರೆಯುತ್ತೇನೆ.

ಹೀಗೆ ರಾತ್ರಿ ಕೂತು ದಿನವನ್ನು ನೆನಪಿಸಿಕೊಳ್ಳುವ ವಿಧಾನ ಹೊಸದೇನಲ್ಲ. 16ನೇ ಶತಮಾನದಲ್ಲಿ ಯೇಸು ಸಭೆ (ಜೆಸ್ವಿಟ್) ಎಂಬ ಕ್ಯಾಥೊಲಿಕ್ ಗುರುಗಳ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲ ಕಲಿಸಿದ ಆತ್ಮಪರಿಶೀಲನೆಯಲ್ಲಿ ಮೊದಲು ದೇವರಿಗೆ ಕೃತಜ್ಞತೆ ಹೇಳಬೇಕು, ತಪ್ಪು ಕಾಣುವ ಕೃಪೆ ಬೇಡಬೇಕು, ಆಮೇಲೆ ದಿನವನ್ನು ಗಂಟೆಗಂಟೆಯಾಗಿ ತಿರುಗಿ ನೋಡಬೇಕು, ಕ್ಷಮೆ ಕೇಳಿ ನಾಳೆ ತಿದ್ದಿಕೊಳ್ಳುವ ನಿರ್ಧಾರ ಮಾಡಬೇಕು. ಯೋಚನೆ, ಮಾತು, ಕೆಲಸ ಮೂರನ್ನೂ ಬೇರೆಬೇರೆಯಾಗಿ ನೋಡಿ ಅನ್ನುತ್ತಾರೆ ಅವರು. ನೀವು ಮಾತೊಂದನ್ನೇ ಹಿಡಿದು ಶುರು ಮಾಡಿ, ಹತ್ತು ನಿಮಿಷ ಸಾಕು.

ಬರೀ ಬೈಗುಳ ಹುಡುಕಬೇಡಿ. ನಮ್ಮ ಚರ್ಚ್ ಸಭೆಗಳಲ್ಲಿ 'ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ' ಅಂತ ಸುಮ್ನೆ ಹೇಳಿ ಮರೆತುಬಿಡುತ್ತೇವಲ್ಲ, ಅದನ್ನೂ ನೋಡಿ. ನಾನೀಗ ಹಾಗೆ ಹೇಳಿದರೆ ಅಲ್ಲೇ, ಬಸ್ ಸ್ಟ್ಯಾಂಡಾದರೂ ಸರಿ, ನಿಂತು ಒಂದು ನಿಮಿಷ ಅವರ ಹೆಸರು ಹೇಳಿ ಪ್ರಾರ್ಥಿಸಿಯೇ ಹೊರಡುತ್ತೇನೆ.