ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ?

ಹೋದ ಸಂಚಿಕೆಯಲ್ಲಿ, ಲಂಡನ್ನಿನ ಒಂದು ಪುಟ್ಟ ಕ್ಲಬ್ಬಿನಲ್ಲಿ ಪಂಕ್ ಅನ್ನುವ ಒರಟು, ಜೋರು ರಾಕ್ ಸಂಗೀತದ ಹಳೇ ಬ್ಯಾಂಡುಗಳನ್ನು ಕೇಳಿಬಂದ ರಾತ್ರಿಯ ಬಗ್ಗೆ ನಾನು ಎರಡು ಪುಟ ಬರೆದಿದ್ದೆ. ಅದಕ್ಕೆ ಮದ್ದೂರಿನಿಂದ ನಿವೃತ್ತ ಮೇಷ್ಟ್ರೊಬ್ಬರು ಇನ್‌ಲ್ಯಾಂಡ್ ಲೆಟರಿನ ಅಂಚಿನಲ್ಲೂ ಜಾಗ ಬಿಡದೆ ಕಾಗದ ಬರೆದಿದ್ದಾರೆ. ಸಾರಾಂಶ ಇಷ್ಟು: "ಚೌಡಯ್ಯನವರು, ದೊರೆಸ್ವಾಮಿ ಅಯ್ಯಂಗಾರ್ಯರು ನುಡಿಸಿದ ಮೈಸೂರಿನಿಂದ ಹೊರಡುವ ಪತ್ರಿಕೆ ಈ ಗದ್ದಲಕ್ಕೆ ಎರಡು ಪುಟ ಕೊಡಬೇಕೇ? ಎಂಬತ್ತರ ಮನುಷ್ಯ ಮೈಕ್ ಹಿಡಿದು ಕಿರುಚುವುದು, ಅರವತ್ತು ದಾಟಿದ ಸಂಪಾದಕರು ನಿಂತು ನೋಡುವುದು. ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ? ಶ್ರುತಿ ಇಲ್ಲ, ರಾಗ ಇಲ್ಲ, ಹೊಡೆದಾಟ ಬೇರೆ. ಅಂದಹಾಗೆ, 1976ರಲ್ಲಿ ಅದೇ ಕ್ಲಬ್ಬಿನಲ್ಲಿ ಆದ ಪಂಕ್ ಉತ್ಸವ ಒಂದು ರಾತ್ರಿಯದು ಅಂತ ಬರೆದಿದ್ದೀರಿ. ಎರಡು ರಾತ್ರಿ ಅನ್ನುತ್ತಾನೆ ನನ್ನ ಮೊಮ್ಮಗ."

ಮೇಷ್ಟ್ರೇ, ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ. ನಿಮ್ಮ ಮೊಮ್ಮಗ ಹೇಳಿದ್ದೇ ಸರಿ. ಅದು ಸೆಪ್ಟೆಂಬರ್ 20 ಮತ್ತು 21, ಸೋಮವಾರ ಮತ್ತು ಮಂಗಳವಾರ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಅದನ್ನು ನೀವು ಹಿಡಿದಿಲ್ಲ, ನಾನೇ ಹೇಳುತ್ತೇನೆ. ಎರಡನೇ ರಾತ್ರಿ ಯಾರೋ ಎಸೆದ ಗ್ಲಾಸು ಒಡೆದು, ಚೂರು ಸಿಡಿದು, ಕೇಳಲು ಬಂದಿದ್ದ ಒಬ್ಬ ಹುಡುಗಿಯ ಒಂದು ಕಣ್ಣು ಹೋಯಿತು. ಆಮೇಲೆ ಕ್ಲಬ್ಬಿನವರು ಪಂಕ್ ಬ್ಯಾಂಡುಗಳಿಗೆ ಬಾಗಿಲು ಹಾಕಿದರು. ನನಗೆ ಇದು ಗೊತ್ತಿತ್ತು. ಬರೆಯುವ ಉತ್ಸಾಹದಲ್ಲಿ ಬಿಟ್ಟುಬಿಟ್ಟೆ. ಹೊಡೆದಾಟ ಬೇರೆ ಅಂತ ನೀವು ಬರೆದಿದ್ದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ನಾನು ಹೋದ ರಾತ್ರಿ ಮಾತ್ರ ಹಾಗಿರಲಿಲ್ಲ. ಲಂಡನ್ನಿನಲ್ಲಿರುವ ಅಕ್ಕನ ಮಗ "ಮಾವ, ಬರ್ತೀರಾ? ಕೂರೋಕೆ ಜಾಗ ಸಿಗಲ್ಲ, ಈಗಲೇ ಹೇಳಿದ್ದೀನಿ" ಅಂದಿದ್ದ. ಜನವರಿ ಚಳಿ. ನಾನು ಸ್ವೆಟರಿನ ಮೇಲೆ ಕೋಟು, ತಲೆಗೆ ದೇವರಾಜ ಮಾರುಕಟ್ಟೆ ಪಕ್ಕ ಕೊಂಡ ಮಂಕಿ ಕ್ಯಾಪು. ಆಕ್ಸ್‌ಫರ್ಡ್ ಸ್ಟ್ರೀಟಿನ 100ನೇ ನಂಬರಿನ ಕಟ್ಟಡದ ನೆಲಮಾಳಿಗೆ ಅದು. ಅದಕ್ಕೇ ಹೆಸರು 100 ಕ್ಲಬ್. 1942ರಿಂದ ಅಲ್ಲಿ ಸಂಗೀತ ನಡೆಯುತ್ತಿದೆ, ಮೊದಲು ಜಾಝ್. ಮೆಟ್ಟಿಲಿಳಿದರೆ ಕೆಂಪು ಗೋಡೆ, ಕಣ್ಣಿಗೆ ಅಡ್ಡ ಬರುವ ಕಂಬಗಳು, ಮೊಣಕಾಲೆತ್ತರದ ವೇದಿಕೆ. ಮುನ್ನೂರೈವತ್ತು ಜನ ಹಿಡಿದರೆ ಹೆಚ್ಚು. ನಮ್ಮ ಕಡೆಯ ಒಂದು ಸಾಧಾರಣ ಮದುವೆಗೂ ಆ ಜಾಗ ಸಾಲದು.

ಅಲ್ಲಿ ಮಂಕಿ ಕ್ಯಾಪಿನ ನನ್ನನ್ನು ಯಾರೂ ಎರಡನೇ ಸಲ ತಿರುಗಿ ನೋಡಲಿಲ್ಲ. ನೋಡುವಂಥ ತಲೆಗಳು ಬೇರೆ ಬೇಕಾದಷ್ಟಿದ್ದವು. ಪಕ್ಕದಲ್ಲಿ ನಿಂತವರಿಗೆ ಎಪ್ಪತ್ತಾದರೂ ಆಗಿರಬೇಕು. ಮೈತುಂಬ ಲೋಹದ ಮೊಳೆ ಬಡಿದ ಚರ್ಮದ ಜಾಕೆಟ್ಟು. ಮೊದಲ ಬ್ಯಾಂಡು ತಂತಿ ಬಿಗಿದುಕೊಳ್ಳುತ್ತಿರುವಾಗ ಅವರು ಒಳಜೇಬಿನಿಂದ ಒಂದು ಮಾತ್ರೆ ಡಬ್ಬಿ ತೆಗೆದರು. ಬಿಪಿ ಮಾತ್ರೆ ಇರಬಹುದು ಅಂದುಕೊಂಡೆ. ಅದರಲ್ಲಿದ್ದದ್ದು ಕಿವಿಗೆ ಇಟ್ಟುಕೊಳ್ಳುವ ಸ್ಪಂಜಿನ ಬಿರಡೆ, ನಾಲ್ಕು. ಎರಡು ತಮ್ಮ ಕಿವಿಗೆ, ಎರಡು ನನ್ನ ಅಂಗೈಗೆ. ಹೇಗೆ ಹೊಸೆದು ಸಣ್ಣ ಮಾಡಿ ತೂರಿಸಬೇಕು ಅಂತ ಬತ್ತಿ ಹೊಸೆಯುವ ಹಾಗೆ ಬೆರಳಲ್ಲೇ ತೋರಿಸಿದರು. ವೇದಿಕೆಯ ಮೇಲೆ ಗಿಟಾರಿನವರು ಕೊರಳಿಗೆ ತೂಗುಹಾಕಿದ್ದ ಕನ್ನಡಕ ಏರಿಸಿ, ನೆಲಕ್ಕೆ ಅಂಟಿಸಿದ್ದ ಹಾಡುಗಳ ಪಟ್ಟಿ ಓದಿಕೊಂಡರು. ಕನ್ನಡಕ ಇಳಿಸಿದರು. ಶುರುವಾಯಿತು.

ಗದ್ದಲ ಹೌದು, ಮೇಷ್ಟ್ರೇ. ಸುಳ್ಳು ಹೇಳಲ್ಲ. ಎದೆಗೂಡಿನೊಳಗೆ ಯಾರೋ ತಮಟೆ ಬಾರಿಸಿದ ಹಾಗೆ. ಆದರೆ ಚೌಡಯ್ಯನವರ ಹೆಸರನ್ನು ನೀವೇ ತಂದಿದ್ದರಿಂದ ಒಂದು ಮಾತು. ಅವರು ಏಳು ತಂತಿಯ ಪಿಟೀಲು ಮಾಡಿಕೊಂಡದ್ದು ಯಾಕೆ? ಮೈಕಿಲ್ಲದ ಕಾಲದಲ್ಲಿ ಹಿಂದೆ ಕೂತವರಿಗೂ ಕೇಳಲಿ ಅಂತ. ಜೋರು ಅನ್ನುವುದೊಂದೇ ಬೈಗುಳವಾದರೆ ಅವರಿಗೂ ಸ್ವಲ್ಪ ತಗಲುತ್ತದೆ.

ಪಂಕ್ ಹುಟ್ಟಿದ ಕತೆ ಎರಡು ಸಾಲಲ್ಲಿ ಹೇಳುತ್ತೇನೆ, ಹೋದ ಸಲ ಜಾಸ್ತಿ ಎಳೆದಿದ್ದೆ. ಎಪ್ಪತ್ತರ ದಶಕದ ನಡುವಿಗೆ ರಾಕ್ ಸಂಗೀತ ಶ್ರೀಮಂತರ ಮನೆ ಸಾಮಾನಿನಂತಾಗಿತ್ತು. ಉದ್ದುದ್ದ ಹಾಡು, ದೊಡ್ಡ ಮೈದಾನ, ದುಬಾರಿ ಯಂತ್ರ. ನ್ಯೂಯಾರ್ಕಿನ ರಮೋನ್ಸ್ ಅನ್ನುವ ಬ್ಯಾಂಡು 1976ರಲ್ಲಿ ಮೊದಲ ರೆಕಾರ್ಡು ತಂದಾಗ ಅದರಲ್ಲಿ ಹದಿನಾಲ್ಕು ಹಾಡು, ಎಲ್ಲಾ ಸೇರಿ ಅರ್ಧ ಗಂಟೆಯೂ ಇಲ್ಲ. ನಮ್ಮಲ್ಲಿ ಒಂದು ತೋಡಿ ಆಲಾಪನೆ ಮುಗಿಯುವಷ್ಟರಲ್ಲಿ ಅವರ ಅಂಗಡಿ ಮುಚ್ಚಿರುತ್ತದೆ. 1977ರ ಆರಂಭದಲ್ಲಿ ಸೈಡ್‌ಬರ್ನ್ಸ್ ಅನ್ನುವ ಪುಟ್ಟ ಇಂಗ್ಲಿಷ್ ಪತ್ರಿಕೆ ಗಿಟಾರಿನ ಮೂರೇ ಮೂರು ಕಾರ್ಡುಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಚಿತ್ರ ಬಿಡಿಸಿ, ಇಷ್ಟಾಯ್ತಲ್ಲ, ಇನ್ನು ಹೋಗಿ ಬ್ಯಾಂಡ್ ಕಟ್ಟಿ ಅಂತ ಹಾಕಿತ್ತು. ಅಭಿಮಾನಿಗಳೇ ಕೈಯಾರೆ ಮಾಡುತ್ತಿದ್ದ ಪತ್ರಿಕೆಗಳು ಅವು. ಪ್ರೆಸ್ಸಿನವರ ಬಿಲ್ಲು ನೋಡಿ ನಿದ್ದೆಗೆಡುವ ನಮ್ಮಂಥವರಿಗೆ ಅವುಗಳ ಮೇಲೆ ಸ್ವಲ್ಪ ಮಮತೆ ಇದ್ದೇ ಇರುತ್ತದೆ, ಅಲ್ವಾ?

ಈಗ ವಯಸ್ಸಿನ ಮಾತು. ನಾನು ಹೋದ ರಾತ್ರಿಯ ಕೊನೆಯ ಬ್ಯಾಂಡು ಯುಕೆ ಸಬ್ಸ್. ಹಾಡುವವರು ಚಾರ್ಲಿ ಹಾರ್ಪರ್, ಹುಟ್ಟಿದ್ದು 1944. ಬ್ಯಾಂಡ್ ಕಟ್ಟಿದ್ದು 1976ರಲ್ಲಿ. ಲೆಕ್ಕ ಹಾಕಿ, ಆಗಲೇ ಅವರಿಗೆ ಮೂವತ್ತೆರಡು. ಪಂಕಿಗೆ ಬಂದ ಮಿಕ್ಕವರು ಹೆಚ್ಚಾಗಿ ಇಪ್ಪತ್ತರ ಆಸುಪಾಸಿನವರು. ಇವರು ತಲೆಕೂದಲು ಕತ್ತರಿಸುವ ಕೆಲಸ ಮಾಡಿಕೊಂಡಿದ್ದ, ಬೇರೆ ಥರದ ಸಂಗೀತದಲ್ಲಿ ಆಗಲೇ ಸಾಕಷ್ಟು ವರ್ಷ ಕಳೆದಿದ್ದ ಮನುಷ್ಯ. ನೀವು ಕೇಳಿದ ಪ್ರಶ್ನೆಯನ್ನು ಅವತ್ತೇ ಅವರಿಗೆ ಕೇಳಬಹುದಿತ್ತು. ಮುಂದೆ ಆ ಬ್ಯಾಂಡು 1979ರಿಂದ 2016ರವರೆಗೆ ಇಪ್ಪತ್ತಾರು ಆಲ್ಬಮ್ ತಂದಿತು. ಹೆಸರುಗಳು ಇಂಗ್ಲಿಷಿನ ಎ ಅಕ್ಷರದಿಂದ ಶುರುವಾಗಿ ಕ್ರಮ ತಪ್ಪದೆ ಝಡ್‌ಗೆ ಮುಗಿದವು. ಹಾಜರಿ ಪುಸ್ತಕ ಇಟ್ಟವರಿಗೆ ಇದರ ಶಿಸ್ತು ಹಿಡಿಸಬೇಕು!

ಒಬ್ಬ ದೊಡ್ಡ ಗಾಯಕರ ಕೊನೆಯ ವರ್ಷಗಳ ಕಛೇರಿಗೆ ಹೋಗಿ ನಾವು ಹೇಗೆ ವಾಪಸ್ ಬರುತ್ತೇವೆ? "ವಿದ್ವತ್ತು ಹಾಗೇ ಇದೆ, ಶಾರೀರ ಹೋಯಿತು ಪಾಪ." ಅಲ್ಲಿ ನಿಂತು ನಾನು ಯೋಚಿಸಿದ್ದು ಇದನ್ನೇ. ಈ ಹಾಡಿಗೆ ಮೊದಲ ದಿನವೂ ಶಾರೀರ ಬೇಕಿರಲಿಲ್ಲ. ಮಾಡಿರದ ಸಾಲವನ್ನು ವಯಸ್ಸು ಹೇಗೆ ವಸೂಲಿ ಮಾಡೀತು? ಮಂಡಿ ಹೋಗಬಹುದು, ಉಸಿರು ಗಿಡ್ಡವಾಗಬಹುದು. ಹಾಡೂ ಗಿಡ್ಡವೇ, ಎರಡು ನಿಮಿಷ. ಉಸಿರು ತಪ್ಪುವಷ್ಟರಲ್ಲಿ ಮುಗಿದಿರುತ್ತದೆ.

ನಿಮ್ಮ ಕಡೆಯ ಕುರುಕ್ಷೇತ್ರ ನಾಟಕ ನೆನಪು ಮಾಡಿಕೊಳ್ಳಿ. ಪಾತ್ರ ಬೇಕಾದವರು ದುಡ್ಡು ಕಟ್ಟಬೇಕು. ಕೃಷ್ಣ, ದುರ್ಯೋಧನನಿಗೆ ಜಾಸ್ತಿ, ಮಿಕ್ಕವರಿಗೆ ಕಡಿಮೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಸಂಜೆ ಕೂತು ಮಟ್ಟು ಕಲಿಸುತ್ತಾರೆ. ಪಾಂಡವಪುರದ ಹತ್ತಿರ ನಮ್ಮ ಅಜ್ಜಿಯ ಊರಲ್ಲಿ ಹುಡುಗನಾಗಿದ್ದಾಗ ನೋಡಿದ ಒಬ್ಬ ದುರ್ಯೋಧನ ಇನ್ನೂ ಕಣ್ಣಮುಂದಿದ್ದಾನೆ. ಕಬ್ಬು ಬೆಳೆಯುವ ರೈತ, ಅರವತ್ತರ ಮೇಲಾಗಿತ್ತು. ಮುಂದಿನ ಎರಡು ಹಲ್ಲಿರಲಿಲ್ಲ. ಹಾಡು ಕಪ್ಪು ಒಂದರ ಶ್ರುತಿಯಲ್ಲಿ ಹೊರಟು ಎಲ್ಲೆಲ್ಲೋ ಹೋಗುತ್ತಿತ್ತು. ತಪ್ಪಿಸಿಕೊಂಡ ಕರುವಿನ ಹಿಂದೆ ಓಡುವ ಹಾಗೆ ಹಾರ್ಮೋನಿಯಂ ಮೇಷ್ಟ್ರು ಪೆಟ್ಟಿಗೆಯ ಮನೆ ಬದಲಿಸುತ್ತಾ ಹಿಂದೆ ಓಡುತ್ತಿದ್ದರು. ಗದೆ ಬೀಸಿದ ಏಟಿಗೆ ಅದಕ್ಕೆ ಸುತ್ತಿದ್ದ ಬೆಳ್ಳಿ ಕಾಗದ ಕಿತ್ತು ಬಂತು. ಆತ ಅದನ್ನು ಸಮಾಧಾನವಾಗಿ ಸುರುಳಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿ, ತೊಡೆ ತಟ್ಟಿದ. "ಒನ್ಸ್ ಮೋರ್" ಬಿತ್ತು. ಅವನ ಸೊಸೆ ಹೆಂಗಸರ ಕಡೆಯಿಂದ ಎದ್ದುಹೋಗಿ ನೋಟಿನ ಹಾರ ಹಾಕಿದಳು. ಈ ವಯಸ್ಸಲ್ಲಿ ಬೇಕಿತ್ತಾ ಅಂತ ಊರಲ್ಲಿ ಯಾರೂ ಕೇಳಲಿಲ್ಲ.

ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ನಿಮ್ಮಲ್ಲಿ ಮೇಷ್ಟ್ರಿದ್ದಾರೆ, ಬಾಯಿಪಾಠವಿದೆ, ಕೃಷ್ಣನ ಕತೆಯಿದೆ. ಅಲ್ಲಿ ಮೇಷ್ಟ್ರೇ ಬೇಡ ಅನ್ನುವುದರಿಂದ ಶುರು. ಆದರೆ ನೋಡುವವರಿಗೂ ಆಡುವವರಿಗೂ ನಡುವೆ ಜಾಸ್ತಿ ದೂರವಿಲ್ಲ ಅನ್ನುವುದು ಎರಡು ಕಡೆಯೂ ನಿಜ. ಹಾರ್ಪರ್ ಮೈಕನ್ನು ಮುಂದೆ ಚಾಚಿದಾಗ ನನ್ನ ಪಕ್ಕದ ಚರ್ಮದ ಜಾಕೆಟ್ಟಿನವರು ಅದಕ್ಕೆ ಬಾಯಿ ಕೊಟ್ಟು ಒಂದು ಸಾಲು ಹಾಡಿ, ಏನೂ ಆಗದವರ ಹಾಗೆ ನನ್ನ ಪಕ್ಕಕ್ಕೆ ವಾಪಸ್ ಬಂದು ನಿಂತರು.

ಮೈಸೂರಿನ ಮರ್ಯಾದೆಯ ಬಗ್ಗೆಯೂ ಬರೆದಿದ್ದೀರಿ. ರಷ್ಯದ ಸಂಗೀತ ರಚನೆಕಾರ ಮೆಡ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಸಂಗೀತ ರೆಕಾರ್ಡ್ ಆಗಲು ಹಣ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ಮೆಡ್ನರ್ ತಮ್ಮ ಮೂರನೇ ಪಿಯಾನೋ ಕಾನ್‌ಚೆರ್ಟೊವನ್ನು ಮಹಾರಾಜರಿಗೇ ಅರ್ಪಿಸಿದರು. ಮೈಸೂರಿನ ಕಿವಿ ಮೊದಲಿಂದಲೂ ತೆರೆದೇ ಇತ್ತು ಅಂತ ಬರೆಯಹೊರಟೆ. ಬರೆದು ನೋಡಿದರೆ ಲಾಯರ ವಾದದ ಥರ ಕಂಡಿತು. ಮೆಡ್ನರ್ ಈ ಪಂಕಿನವರನ್ನು ಮನೆ ಬಾಗಿಲಿಗೂ ಸೇರಿಸುತ್ತಿರಲಿಲ್ಲವೇನೋ. ಆ ವಾದ ಬಿಟ್ಟಿದ್ದೇನೆ.

ಎರಡು ಪುಟ ಕೊಟ್ಟ ನಿಜವಾದ ಕಾರಣ ಬೇರೆ. ರಮೋನ್ಸಿನ ಮೊದಲ ನಾಲ್ವರಲ್ಲಿ ಕೊನೆಯವರು 2014ರಲ್ಲಿ ಹೋದರು. ಅವರು ಬೆಳೆದ ನ್ಯೂಯಾರ್ಕಿನ ಸಿಬಿಜಿಬಿ ಕ್ಲಬ್ 2006ರಲ್ಲೇ ಮುಚ್ಚಿತು, ಆ ಜಾಗಕ್ಕೆ ಆಮೇಲೆ ಬಟ್ಟೆ ಅಂಗಡಿ ಬಂತು. 100 ಕ್ಲಬ್ ಕೂಡ 2010ರಲ್ಲಿ ಮುಚ್ಚುವ ಹಂತಕ್ಕೆ ಹೋಗಿ, ಹೇಗೋ ಉಳಿಯಿತು. ಇನ್ನೊಂದು ಐದು ವರ್ಷ ಬಿಟ್ಟು ಬರೆದರೆ ಅದು ಶ್ರದ್ಧಾಂಜಲಿಯಾಗುತ್ತದೆ. ಅವುಗಳನ್ನು ಬರೆದು ಬರೆದು ನನಗೆ ಸಾಕಾಗಿದೆ.

ನಿಮ್ಮ ಸುತ್ತಮುತ್ತ ಈ ಸಲ ಯಾವ ಊರಲ್ಲಾದರೂ ಕುರುಕ್ಷೇತ್ರ ಇದ್ದರೆ ಒಂದು ಕಾರ್ಡು ಹಾಕಿ, ಬರುತ್ತೇನೆ. ಮೊಮ್ಮಗನೂ ಇರಲಿ, ತಪ್ಪು ಹಿಡಿಯುವವರು ಬೇಕು. ಮುಂದಿನ ಸಾಲಿನಲ್ಲಿ ಸ್ಪೀಕರಿನ ಕೆಳಗೆ ಜಾಗ ಸಿಕ್ಕರೂ ಚಿಂತೆಯಿಲ್ಲ. ಆ ಎರಡು ಬಿರಡೆ ಇನ್ನೂ ಕೋಟಿನ ಜೇಬಲ್ಲೇ ಇವೆ. ಕಿವಿಗೊಂದರಂತೆ ಹಂಚಿಕೊಂಡರಾಯಿತು.