ಬ್ರಿಟನ್ ಬಿಡಿ, ಪಕ್ಕದವರನ್ನು ನೋಡಿ

ಪ್ರಶ್ನೆ: ದಿನಕ್ಕೊಂದು ದೇಶದ ಜೊತೆ ಮುಕ್ತ ವ್ಯಾಪಾರ ಒಪ್ಪಂದ ಅಂತಾರೆ. ನಮ್ಮ ಅಡಿಕೆ, ಕಾಳುಮೆಣಸಿನ ಗತಿ ಏನು? (ಓದುಗರೊಬ್ಬರು, ತೀರ್ಥಹಳ್ಳಿ)

ಉತ್ತರ: 2025ರ ಜುಲೈನಲ್ಲಿ ಸಹಿಯಾದ ಬ್ರಿಟನ್ ಒಪ್ಪಂದಕ್ಕೆ ಅಡಿಕೆಯವರು ಸುಮ್ನೆ ಹೆದರಬೇಡಿ, ಅಲ್ಲಿ ಅಡಿಕೆ ಮರವೇ ಇಲ್ಲವಲ್ಲ! ಕಣ್ಣಿಡಬೇಕಾದದ್ದು ಶ್ರೀಲಂಕಾ ಮತ್ತು ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಕಡೆಗೆ. ಶ್ರೀಲಂಕಾ ಒಪ್ಪಂದ 2000ದಲ್ಲೇ ಜಾರಿಗೆ ಬಂತು, ಅದರಡಿ ವರ್ಷಕ್ಕೆ 2,500 ಟನ್ ಕಾಳುಮೆಣಸು ಸುಂಕವಿಲ್ಲದೆ ಬರಬಹುದು. ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ (ಅದಕ್ಕಿಂತ ಅಗ್ಗವಾಗಿ ತರುವಂತಿಲ್ಲ) ಇದೆ ನಿಜ, ಆದರೆ ಮಾರುಕಟ್ಟೆ ದರ ಅದನ್ನು ದಾಟಿದಾಗ ಆ ಬೇಲಿ ಇದ್ದೂ ಇಲ್ಲದಂತೆ, ಅಲ್ವಾ? ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರಲ್ಲಿ ಕೆಜಿಗೆ 351 ರೂಪಾಯಿಗೆ ಏರಿಸಿದರು. ಅದಕ್ಕೂ ಮುಂಚೆ, 2022ರಲ್ಲಿ, ಭೂತಾನಿನ 17,000 ಟನ್ ಹಸಿ ಅಡಿಕೆಗೆ ಈ ಕನಿಷ್ಠ ಬೆಲೆಯಿಂದ ವಿನಾಯಿತಿ ಕೊಟ್ಟಾಗಿತ್ತು. 2010ರಲ್ಲಿ ಜಾರಿಯಾದ ಆಸಿಯಾನ್ ಸರಕು ಒಪ್ಪಂದದ ಮರುಪರಿಶೀಲನೆಯೂ ಶುರುವಾಗಿದೆ, ಅಡಿಕೆ, ಕಾಳುಮೆಣಸು ಎರಡನ್ನೂ ಬೆಳೆಯುವ ಇಂಡೋನೇಷ್ಯಾ ಅದರಲ್ಲೇ ಇದೆ. ನಿಮ್ಮ ಸಂಸದರನ್ನು ಕೇಳುವುದಿದ್ದರೆ ಇದನ್ನೇ ಕೇಳಿ.